ಪುಕ್ಕಟೆ ಬಸ್ಸಿನ ಮುಂದಿನ ಸೀಟು

ಮುಂದಿನ ಸೀಟಿನಲ್ಲಿ ಕೂರದೆ ಹೋಗಿದ್ದರೆ ಮೆತ್ತಣ್ಣನಿಗೆ ಆ ದಿನ ಏನೂ ಆಗುತ್ತಿರಲಿಲ್ಲ. ಆದರೆ ಇಪ್ಪತ್ತೆಂಟು ವರ್ಷ ಬಸ್ಸಿನ ಸ್ಟಿಯರಿಂಗ್ ಹಿಡಿದವನಿಗೆ ಹಿಂದಿನ ಸೀಟು ತೋರಿಸುವುದೆಂದರೆ ಮದುವೆ ಗಂಡನ್ನು ಚಪ್ಪಲಿ ಕಾಯಲು ಕೂರಿಸಿದ ಹಾಗೆ.

ಮೆತ್ತಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅವನು ಬ್ರೇಕು ಹಾಕುವ ಚಂದಕ್ಕೆ ಪ್ರಯಾಣಿಕರು ಕೊಟ್ಟ ಬಿರುದು. ತೊಡೆಯ ಮೇಲೆ ತುಂಬಿದ ಹಾಲಿನ ಪಾತ್ರೆ ಇಟ್ಟುಕೊಂಡು ಕೂತರೂ ಅವನ ಬಸ್ಸಿನಲ್ಲಿ ಒಂದು ಹನಿ ಚೆಲ್ಲದು ಎನ್ನುತ್ತಿದ್ದರು. ಹಾಲಿನವಳೊಬ್ಬಳು ನಿಜಕ್ಕೂ ಪಂದ್ಯ ಕಟ್ಟಿ ಸೋತಿದ್ದಳು. ಇಪ್ಪತ್ತೆಂಟು ವರ್ಷದಲ್ಲಿ ಒಂದು ಅಪಘಾತವಿಲ್ಲ, ಕೈ ತೋರಿಸಿದವರನ್ನು ಬಿಟ್ಟು ಹೋದ ಎಂಬ ಒಂದು ದೂರಿಲ್ಲ. ಇದಕ್ಕಾಗಿ ಸಾರಿಗೆ ಇಲಾಖೆ ಅವನಿಗೆ ಪದಕ ಕೊಡುವುದೆಂದು ತೀರ್ಮಾನವಾಗಿತ್ತು. ಪದಕಕ್ಕಿಂತ ದೊಡ್ಡದು ಅದರ ಜೊತೆಗಿದ್ದ ಆದೇಶ ಪತ್ರ. ಇನ್ನು ಮುಂದೆ ಅವನು ಬಸ್ಸು ಓಡಿಸಬೇಕಿಲ್ಲ, ಡಿಪೋ ಗೇಟಿನ ಪಕ್ಕದ ಕೋಣೆಯಲ್ಲಿ, ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು, ಬಸ್ಸುಗಳು ಹೊರಟ ವೇಳೆ ಬರೆದುಕೊಂಡಿದ್ದರೆ ಸಾಕು. ಕ್ಲಚ್ಚು ತುಳಿದು ತುಳಿದು ಅವನ ಎಡ ಮೊಣಕಾಲು ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ಆ ಕುರ್ಚಿ ಅವನಿಗೆ ಕನಸಿನಲ್ಲೂ ಬರುತ್ತಿತ್ತು.

ಸಮಾರಂಭ ಸಂಜೆ ಐದಕ್ಕೆ, ದೂರದ ಕೇಂದ್ರ ಕಚೇರಿಯಲ್ಲಿ. ಇಲಾಖೆಯವರೇ ವಿಮಾನದ ಟಿಕೆಟ್ ಕಳಿಸಿದ್ದರು. ಅವನಿಗೊಂದು, ಹದಿನಾರು ವರ್ಷದಿಂದ ಅವನ ಬಸ್ಸಿನಲ್ಲೇ ಶಿಳ್ಳೆ ಊದುತ್ತಿದ್ದ ಕಂಡಕ್ಟರಿಗೊಂದು. ನಡುವೆ ಒಂದು ಮಹಾನಗರದಲ್ಲಿ ವಿಮಾನ ಬದಲಿಸಬೇಕು. ಅಲ್ಲಿ ಇಳಿದಾಗ ಬೆಳಿಗ್ಗೆ ಏಳು ಗಂಟೆ. ಮುಂದಿನ ವಿಮಾನ ಮಧ್ಯಾಹ್ನ ಒಂದಕ್ಕೆ.

"ಆರು ಗಂಟೆ ಇಲ್ಲೇ ಕೂತಿರೋಣ," ಎಂದ ಮೆತ್ತಣ್ಣ. ವಿಮಾನ ನಿಲ್ದಾಣದ ಕುರ್ಚಿ ಮೆತ್ತಗಿತ್ತು. ಮುಂದೆ ಸಿಗಲಿರುವ ಕುರ್ಚಿಗೆ ಈಗಲೇ ಅಭ್ಯಾಸವಾಗಲಿ ಎಂಬಂತೆ ಅವನು ಕಾಲು ಚಾಚಿದ್ದ.

ಕಂಡಕ್ಟರ್ ಅಷ್ಟರಲ್ಲಿ ಎಲ್ಲ ಬೋರ್ಡುಗಳನ್ನೂ ಓದಿ ಬಂದಿದ್ದ. "ಏಳಣ್ಣ ಏಳು! ಐದು ಗಂಟೆಗಿಂತ ಜಾಸ್ತಿ ಬಿಡುವಿದ್ದವರಿಗೆ ಊರು ತೋರಿಸ್ತಾರಂತೆ. ಬಸ್ಸಲ್ಲಿ. ಪುಕ್ಕಟೆ!"

"ಬಸ್ಸಲ್ಲಾ? ನಾನು ಬಸ್ಸು ನೋಡಿಲ್ವಾ?"

"ಓಡಿಸಿದೀಯ, ಕೂತು ಹೋಗಿದೀಯಾ? ಅಷ್ಟು ದೊಡ್ಡ ಊರು ಕಾಲ ಬುಡಕ್ಕೇ ಬಂದಿದೆ, ನೋಡದೆ ಹೋದ್ರೆ ಊರಲ್ಲಿ ಜನ ಉಗೀತಾರೆ."

ಹೀಗೆ ಮೆತ್ತಣ್ಣ ಆ ಬಸ್ಸು ಹತ್ತಿದ, ಡ್ರೈವರಿನ ಬೆನ್ನಿಗೇ ಇದ್ದ ಸೀಟಿನಲ್ಲಿ ಕೂತ.

ಗಾಜಿನ ಗೋಪುರದಂಥ ಬಸ್ಸು. ಒಳಗೆ ಮೂವತ್ತು ಜನ, ಎಲ್ಲರೂ ಬೇರೆ ಬೇರೆ ವಿಮಾನಕ್ಕೆ ಕಾಯುವವರು. ಕೆಂಪು ಕೊಡೆ ಹಿಡಿದ ಗೈಡಮ್ಮ ಮೈಕಿನಲ್ಲಿ, "ನಿಮ್ಮ ಎಡಗಡೆ ನೂರಾ ಐವತ್ತು ವರ್ಷದ ಗಡಿಯಾರ ಗೋಪುರ!" ಎಂದಾಗ ಎಲ್ಲ ತಲೆಗಳೂ ಎಡಕ್ಕೆ ತಿರುಗಿದವು. ಮೆತ್ತಣ್ಣನ ತಲೆ ಮಾತ್ರ ಡ್ರೈವರಿನ ಎಡಗಾಲ ಮೇಲೇ ಇತ್ತು. "ಬಲಗಡೆ ನದಿ ಮತ್ತು ತೂಗುಸೇತುವೆ!" ಎಂದಾಗ ಅವನು ಗೇರಿನ ಕಡೆ ನೋಡುತ್ತಿದ್ದ. ಆ ಡ್ರೈವರ್ ಕ್ಲಚ್ಚಿನ ಮೇಲಿಂದ ಕಾಲು ತೆಗೆಯುವವನೇ ಅಲ್ಲ, ಸಾಲದ್ದಕ್ಕೆ ಬ್ರೇಕನ್ನು ಚೇಳು ಹೊಸಕಿದ ಹಾಗೆ ತುಳಿಯುತ್ತಿದ್ದ. ಒಂದೊಂದು ಸಲ ತುಳಿದಾಗಲೂ ಮೆತ್ತಣ್ಣನ ಕಾಲು ತಾನಾಗಿಯೇ ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು.

"ಎರಡಕ್ಕೆ ಹಾಕಪ್ಪ, ಎರಡಕ್ಕೆ," ಎಂದು ಬಾಯಿಂದ ಜಾರಿಯೇ ಹೋಯಿತು.

ಡ್ರೈವರ್ ಕನ್ನಡಿಯಲ್ಲಿ ದುರುಗುಟ್ಟಿದ. "ಸ್ವಾಮಿ, ನೀವೇ ಓಡಿಸ್ತೀರಾ?"

"ಬೇಡಪ್ಪ, ನಿನ್ನ ಬಸ್ಸು ನೀನೇ ಓಡಿಸು. ಪಾಪ, ಎಂಜಿನ್ನು ಅಳ್ತಾ ಇತ್ತು, ಅದಕ್ಕೆ ಹೇಳ್ದೆ."

ಆಮೇಲೆ ಡ್ರೈವರ್ ಹಣೆಯ ಬೆವರನ್ನು ಪದೇ ಪದೇ ಒರೆಸಿಕೊಳ್ಳತೊಡಗಿದ. ತನ್ನ ಮಾತಿಗೆ ನಾಚಿಕೊಂಡಿರಬೇಕು ಎಂದುಕೊಂಡ ಮೆತ್ತಣ್ಣ. ನಿಜವೇನೆಂದರೆ ಡ್ರೈವರಿನ ಕಿಡ್ನಿಯೊಳಗೆ ಒಂದು ಕಲ್ಲು ಅಲ್ಲಾಡತೊಡಗಿತ್ತು. ಊರಾಚೆಯ ಗುಡ್ಡದ ಮೇಲೆ ಬಸ್ಸು ನಿಲ್ಲಿಸಿ, ಜನ ಇಳಿದು ಇಡೀ ನಗರವನ್ನು ಕಣ್ತುಂಬ ನೋಡಿ ಬರುವಷ್ಟರಲ್ಲಿ ಅವನು ಸ್ಟಿಯರಿಂಗನ್ನು ತಬ್ಬಿಕೊಂಡು, "ಅಯ್ಯೋ, ಅವ್ವಾ!" ಎಂದು ನರಳುತ್ತಿದ್ದ.

"ಡಾಕ್ಟರ್ ಇದಾರಾ?" ಎಂದು ಗೈಡಮ್ಮ ಕೂಗಿದಳು. ಚಿನ್ನದ ಕನ್ನಡಕದ ಒಬ್ಬರು ಬೇರೆ ದಾರಿಯಿಲ್ಲದೆ ಕೈ ಎತ್ತಿದರು. "ಇದೀನಿ. ಆದ್ರೆ ಹಲ್ಲಿನ ಡಾಕ್ಟರು. ಗಂಟಲಿನಿಂದ ಕೆಳಗೆ ನನ್ನ ವ್ಯವಹಾರ ಇಲ್ಲ."

ಆಂಬುಲೆನ್ಸ್ ಬಂದು ಡ್ರೈವರನ್ನು ಎತ್ತಿಕೊಂಡು ಹೋಯಿತು. ಗಂಟೆ ಹನ್ನೊಂದಾಗಿತ್ತು. ಬದಲಿ ಡ್ರೈವರ್ ಗುಡ್ಡಕ್ಕೆ ಬರಲು ಒಂದೂವರೆ ಗಂಟೆ ಬೇಕೆಂದು ಕಂಪನಿಯವರು ಫೋನಿನಲ್ಲಿ ಹೇಳಿದರು. ಗುಡ್ಡದ ಮೇಲೆ ಬೇರೆ ಒಂದು ಗಾಡಿಯೂ ಇಲ್ಲ. ಮೂವತ್ತು ಜನ ಒಟ್ಟಿಗೇ ಬಾಯಿ ತೆಗೆದರು. ಒಬ್ಬರಿಗೆ ಹನ್ನೆರಡೂವರೆಗೆ ವಿಮಾನ, ಇನ್ನೊಬ್ಬರಿಗೆ ಹನ್ನೆರಡೂ ಮುಕ್ಕಾಲಿಗೆ. ಹಲ್ಲಿನ ಡಾಕ್ಟರಂತೂ ತಮ್ಮ ಹಲ್ಲನ್ನೇ ಕಟಕಟ ಕಡಿಯುತ್ತಿದ್ದರು.

ಆಗ ಕಂಡಕ್ಟರ್ ಬಸ್ಸಿನ ಮೆಟ್ಟಿಲೇರಿ ನಿಂತ. "ಸುಮ್ನಿರಿ ಎಲ್ರೂ! ಡ್ರೈವರ್ ಬೇಕು ತಾನೇ? ಇಲ್ಲಿ ನಿಂತಿದಾನೆ ನೋಡಿ. ಇಪ್ಪತ್ತೆಂಟು ವರ್ಷ! ಒಂದು ನಾಯಿ ಬಾಲಕ್ಕೂ ಚಕ್ರ ತಾಗಿಸಿದೋನಲ್ಲ. ಇವತ್ತು ಸಂಜೆ ಪದಕ ಹಾಕ್ತಿದಾರೆ ಇವನಿಗೆ!"

"ಏಯ್, ಸುಮ್ನಿರೋ," ಎಂದ ಮೆತ್ತಣ್ಣ. ಆದರೆ ಆ ಮಾತಿನಲ್ಲಿ ಬ್ರೇಕಿಗಿಂತ ಆಕ್ಸಿಲರೇಟರ್ರೇ ಜಾಸ್ತಿ ಇತ್ತು. ಅರವತ್ತು ಕಣ್ಣುಗಳು ತನ್ನನ್ನೇ ನೋಡುತ್ತಿರುವಾಗ ಅವನ ಎದೆ ಎರಡು ಇಂಚು ಮುಂದೆ ಬಂದಿತ್ತು. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದ ಲೈಸೆನ್ಸನ್ನು ಗೈಡಮ್ಮನ ಕೈಗಿಟ್ಟ. ಗೈಡಮ್ಮ ಅದರ ಫೋಟೋ ತೆಗೆದು ಕಂಪನಿಗೆ ಕಳಿಸಿದಳು. "ಆಗಲಿ, ಬದಲಿ ಡ್ರೈವರನ್ನ ಏರ್‌ಪೋರ್ಟಿಗೇ ಕಳಿಸ್ತೀವಿ," ಎಂದು ಆ ಕಡೆಯಿಂದ ಉತ್ತರ ಬಂತು.

ಮೆತ್ತಣ್ಣ ಸೀಟನ್ನು ತನ್ನ ಅಳತೆಗೆ ಸರಿಸಿ, ಕನ್ನಡಿ ಒರೆಸಿ, ಕ್ಲಚ್ಚು ತುಳಿದ. ಮೊಣಕಾಲು ಕಿರ್ ಎಂದಿತು. "ರೈಟ್!" ಎಂದು ಹಿಂದಿನಿಂದ ಕಂಡಕ್ಟರ್ ಕೂಗಿದ. ಬಸ್ಸು ಗುಡ್ಡ ಇಳಿದ ಪರಿಗೆ ಹಿಂದಿನ ಸೀಟಿನ ಅಜ್ಜರೊಬ್ಬರು ಆಗಲೇ ಗೊರಕೆ ಹೊಡೆಯತೊಡಗಿದ್ದರು.

ಊರೊಳಗೆ ಬಂದ ಮೇಲೆ ಶುರುವಾಯಿತು ಪಜೀತಿ. ಬಸ್ ಸ್ಟಾಪೊಂದರಲ್ಲಿ ತರಕಾರಿ ಮೂಟೆ ಇಟ್ಟುಕೊಂಡಿದ್ದ ಒಬ್ಬಳು ಮುದುಕಿ ಕೈ ಅಡ್ಡ ಹಿಡಿದಳು. ಮೆತ್ತಣ್ಣನ ಕಾಲು ಅವನನ್ನು ಕೇಳದೆಯೇ ಬ್ರೇಕಿಗೆ ಹೋಯಿತು. ಬಸ್ಸು ನಿಂತ ಮೇಲೆ ಕಂಡಕ್ಟರಿನ ಕೈ ಅವನನ್ನು ಕೇಳದೆಯೇ ಬಾಗಿಲು ತೆಗೆಯಿತು. ಮುದುಕಿ, ಮೂಟೆ, ಹಿಂದೆಯೇ ಇನ್ನೂ ಆರು ಜನ ಒಳಗೆ ಬಂದರು.

"ಎಲ್ಲಿಗಮ್ಮಾ?" ಎಂದ ಕಂಡಕ್ಟರ್. "ಒಳಗೆ ನಡೀರಿ, ಬಾಗಿಲಲ್ಲಿ ನಿಲ್ಬೇಡಿ, ಒಳಗೆ ಜಾಗ ಇದೆ!"

ಗೈಡಮ್ಮ ಕೊಡೆಯಿಂದ ನೆಲ ಕುಟ್ಟಿದಳು. "ಸಾರ್, ಇದು ಪ್ರವಾಸಿಗಳ ಬಸ್ಸು! ಸಿಕ್ಕಸಿಕ್ಕವರನ್ನ ಹತ್ತಿಸ್ಕೊಳ್ಳೋ ಹಾಗಿಲ್ಲ!"

"ತಾಯೀ, ಕೈ ತೋರಿಸಿದವರನ್ನ ಬಿಟ್ಟು ಹೋದ್ರೆ ನನಗೆ ಮುಂದಿನ ದಾರಿ ಕಾಣಲ್ಲ," ಎಂದ ಮೆತ್ತಣ್ಣ.

"ನಮ್ಮ ವಿಮಾನ ಹೋಗುತ್ತಲ್ರೀ!" ಎಂದು ಹಲ್ಲಿನ ಡಾಕ್ಟರು ಕಿರುಚಿದರು. ಅವರು ಕಿರುಚಿದ್ದಕ್ಕೆ ಸರಿಯಾಗಿ ಮುಂದೆ ರಸ್ತೆ ಜಾಮಾಗಿತ್ತು. ದೊಡ್ಡದೊಂದು ಪೈಪು ಒಡೆದು, ನಾಲ್ಕು ಸಾಲು ಗಾಡಿಗಳು ಶೆಲ್ಫಿಗೆ ಜೋಡಿಸಿಟ್ಟ ಡಬ್ಬಿಗಳ ಹಾಗೆ ನಿಂತಿದ್ದವು.

ಮುದುಕಿ ಮೂಟೆಯ ಮೇಲಿಂದ ತಲೆ ಎತ್ತಿದಳು. "ವಿಮಾನ ನಿಲ್ದಾಣಕ್ಕಾ? ಎಡಕ್ಕೆ ತಿರುಗಿಸಪ್ಪ. ಮಾರ್ಕೆಟ್ ಗಲ್ಲೀಲಿ ನುಗ್ಗಿದ್ರೆ ಆ ಕಡೆ ದೊಡ್ಡ ರಸ್ತೆ. ದಿನಾ ಲಾರಿ ಬರುತ್ತೆ, ನಾನೇ ನೋಡಿದೀನಿ."

ಅವಳು ನೋಡಿದ್ದ ಲಾರಿ ಯಾವುದೋ, ಗಲ್ಲಿ ಮಾತ್ರ ಈ ಬಸ್ಸಿಗಾಗಿ ಹುಟ್ಟಿದ್ದಲ್ಲ. ಎರಡೂ ಬದಿಗೆ ಈರುಳ್ಳಿ ಗುಡ್ಡೆ, ಟೊಮೇಟೊ ಬುಟ್ಟಿ, ತಲೆಯ ಮೇಲೆ ಅಂಗಡಿಗಳ ತಗಡು. ಅರ್ಧ ದಾರಿ ಬಂದಮೇಲೆ ಹಿಂದೆ ಹೋಗುವಂತೆಯೂ ಇಲ್ಲ. ಇಡೀ ಮಾರುಕಟ್ಟೆ ವ್ಯಾಪಾರ ಬಿಟ್ಟು ಸಲಹೆ ಕೊಡಲು ನಿಂತಿತು. "ಬರ್ಲಿ, ಬರ್ಲಿ!" ಎಂದ ಒಬ್ಬ. "ಬೇಡ, ನಿಲ್ಸು!" ಎಂದ ಇನ್ನೊಬ್ಬ. "ಬಲಕ್ಕೆ ಹೊಡಿ!" ಎಂದ ಮೂರನೆಯವ ತಾನೇ ಎಡಕ್ಕೆ ಕೈ ತೋರಿಸುತ್ತಿದ್ದ. ಗೈಡಮ್ಮ ಕಣ್ಣು ಮುಚ್ಚಿಕೊಂಡಳು.

ಮೆತ್ತಣ್ಣ ಯಾರ ಮಾತೂ ಕೇಳಲಿಲ್ಲ. ಎರಡೂ ಬದಿಯ ಕನ್ನಡಿ ಮಡಚಿಸಿ, ಕಂಡಕ್ಟರಿನ ಶಿಳ್ಳೆಗೆ ಮಾತ್ರ ಕಿವಿಗೊಟ್ಟ. ಹದಿನಾರು ವರ್ಷದಲ್ಲಿ ಆ ಶಿಳ್ಳೆಯ ಒಂದೊಂದು ಎಳೆಯೂ ಅವನಿಗೆ ಗೊತ್ತಿತ್ತು. ಚಿಕ್ಕದೊಂದು ಕೇಳಿದರೆ ಬಲಕ್ಕೆ, ಎರಡಾದರೆ ಎಡಕ್ಕೆ, ಉದ್ದನೆಯದಕ್ಕೆ ನಿಲ್ಲು. ಸೂಜಿಗೆ ದಾರ ಪೋಣಿಸುವವರು ಉಸಿರು ಹಿಡಿಯುವಂತೆ ಬಸ್ಸಿನಲ್ಲಿ ಎಲ್ಲರೂ ಉಸಿರು ಹಿಡಿದರು. ಬಸ್ಸು ಇರುವೆಯ ಹಾಗೆ ಹರಿಯಿತು. ಆ ಕಡೆಯ ದೊಡ್ಡ ರಸ್ತೆಗೆ ಬಂದಾಗ ಬಸ್ಸಿಗೆ ಒಂದು ಗೀರು ಬಿದ್ದಿರಲಿಲ್ಲ, ಒಂದು ಟೊಮೇಟೊ ಉರುಳಿರಲಿಲ್ಲ.

ಒಳಗೂ ಹೊರಗೂ ಚಪ್ಪಾಳೆ. ಹಲ್ಲಿನ ಡಾಕ್ಟರು ಎದ್ದು ಬಂದು, "ಸ್ವಾಮಿ, ನಿಮ್ಮ ಕೈ ನನಗಿದ್ದಿದ್ರೆ ನನ್ನ ಹತ್ರ ಬಂದ ಯಾರಿಗೂ ನೋವಾಗ್ತಿರಲಿಲ್ಲ," ಎಂದರು. ಮೆತ್ತಣ್ಣನಿಗೆ ಸ್ಟಿಯರಿಂಗ್ ಸಿಂಹಾಸನದಂತೆ ಕಂಡಿತು. ದಾರಿಯಲ್ಲಿ ಹತ್ತಿದ್ದ ಆರು ಜನರೊಡನೆ ಮುದುಕಿ ಇಳಿಯುವಾಗ, "ನೂರು ಕಾಲ ಬಸ್ಸು ಓಡಿಸಪ್ಪ," ಎಂದು ಹರಸಿದಳು.

ವಿಮಾನ ನಿಲ್ದಾಣ ಮುಟ್ಟಿದಾಗ ಹನ್ನೆರಡು ಗಂಟೆ ಐದು ನಿಮಿಷ. ಬಾಗಿಲು ತೆರೆದದ್ದೇ ತಡ, ಜನ ಗೂಡು ಕೆದಕಿದ ಜೇನಿನಂತೆ ಹಾರಿದರು. ಗೈಡಮ್ಮ ಕೊಡೆ ಎತ್ತಿ ಹಿಡಿದು ಅವರ ಹಿಂದೆ ಓಡಿದಳು. ಓಡುತ್ತಲೇ, "ಸಾರ್, ಬದಲಿ ಡ್ರೈವರ್ ಇಲ್ಲಿಗೇ ಬರ್ತಾನೆ, ಎರಡೇ ನಿಮಿಷ, ಕೀ ಅವನ ಕೈಗೆ ಕೊಟ್ಬಿಡಿ!" ಎಂದಳು.

"ನೀನು ಹೋಗಿ ಸಾಲಲ್ಲಿ ನಿಂತಿರು," ಎಂದ ಮೆತ್ತಣ್ಣ ಕಂಡಕ್ಟರಿಗೆ. "ನಾನು ಕೀ ಕೊಟ್ಟು ಬಂದೆ."

ಕಂಡಕ್ಟರ್ ಹೋದ. ಹಳದಿ ಕೋಟಿನವನೊಬ್ಬ ಬಂದು ಗಾಜು ತಟ್ಟಿದ. "ಮೂರು ನಿಮಿಷಕ್ಕಿಂತ ಜಾಸ್ತಿ ಇಲ್ಲಿ ನಿಲ್ಲಿಸೋ ಹಾಗಿಲ್ಲ. ತೆಗೀರಿ ಮುಂದಕ್ಕೆ."

"ಡ್ರೈವರ್ ಬರ್ತಿದಾನೆ ಸ್ವಾಮಿ."

"ನೀವ್ಯಾರು ಹಾಗಾದ್ರೆ?"

ಮೆತ್ತಣ್ಣ ಗೇರು ಹಾಕಿದ. ಬಸ್ಸು ಮುಂದಕ್ಕೆ ತೆಗೆದ. ಅಲ್ಲಿನ ರಸ್ತೆಯೋ ಗಾಣದ ಎತ್ತಿನ ದಾರಿ. ಒಮ್ಮೆ ಹೊರಬಿದ್ದರೆ ನಿಲ್ದಾಣವನ್ನೆಲ್ಲ ಸುತ್ತಿ ಮತ್ತೆ ಅದೇ ಬಾಗಿಲಿಗೆ ಬರಲು ಹನ್ನೆರಡು ನಿಮಿಷ. ಮೊದಲ ಸುತ್ತು ಮುಗಿಸಿ ಬಂದ. ಬದಲಿ ಡ್ರೈವರ್ ಇಲ್ಲ, ಹಳದಿ ಕೋಟು ಇತ್ತು. ಎರಡನೇ ಸುತ್ತಿಗೂ ಅದೇ. ಕೀ ಬಿಟ್ಟು ಓಡಿಹೋಗೋಣವೆಂದರೆ ಬಸ್ಸನ್ನು ಅನಾಥ ಮಾಡಿ ಹೋಗುವ ರಕ್ತ ಅವನದಲ್ಲ. ಜೇಬಿನಲ್ಲಿ ಫೋನು ಹನ್ನೊಂದು ಸಲ ಬಡಿದುಕೊಂಡಿತು. ಬಸ್ಸು ಓಡಿಸುವಾಗ ಫೋನ್ ಎತ್ತುವ ರಕ್ತವೂ ಅವನದಲ್ಲ.

ಮೂರನೇ ಸುತ್ತಿನಲ್ಲಿ ಒಬ್ಬ ಏದುಸಿರು ಬಿಡುತ್ತ ಕೈ ತೋರಿಸಿದ. ಮೆತ್ತಣ್ಣ ಎಂದಿನಂತೆ ನಿಲ್ಲಿಸಿದ. ಅವನೇ ಬದಲಿ ಡ್ರೈವರ್. ಕೀ ಕೊಟ್ಟು, "ಕ್ಲಚ್ಚು ನಾಜೂಕಾಗಿದೆ, ನೋಡ್ಕೊಂಡು ತುಳಿ," ಎಂದು ಹೇಳಿ, ಕುಂಟುತ್ತ ಓಡಿ ಮೆತ್ತಣ್ಣ ಗೇಟಿನ ಗಾಜಿಗೆ ಮೂಗು ಒತ್ತಿದಾಗ ಅವನ ವಿಮಾನ ಹಿಂದಕ್ಕೆ ಸರಿಯುತ್ತಿತ್ತು. ಮೂವತ್ತು ಜನರನ್ನು ಅವರವರ ವಿಮಾನಕ್ಕೆ ಮುಟ್ಟಿಸಿದವನು ತಾನೊಬ್ಬನೇ ನೆಲದ ಮೇಲೆ ಉಳಿದ. ಕೈ ತೋರಿಸಿ ನೋಡಿದ. ವಿಮಾನದವರಿಗೆ ಆ ಅಭ್ಯಾಸವಿರಲಿಲ್ಲ.

ಕೌಂಟರಿನವಳು ಸಂಜೆ ಏಳರ ವಿಮಾನಕ್ಕೆ ಜಾಗ ಮಾಡಿಕೊಟ್ಟಳು. ಸಮಾರಂಭ ಕೈತಪ್ಪಿತು. ಹೋಗಲಿ, ಪದಕ ಅಂಚೆಯಲ್ಲಾದರೂ ಬಂದೀತು, ಕುರ್ಚಿ ಎಲ್ಲಿಗೆ ಹೋಗುತ್ತೆ ಎಂದು ಮೆತ್ತಣ್ಣ ಸಮಾಧಾನ ಮಾಡಿಕೊಂಡು ಮೊಣಕಾಲು ನೀವುತ್ತ ಕೂತ. ಐದೂ ಮುಕ್ಕಾಲಿಗೆ ಫೋನು ಬಂತು.

"ಅಣ್ಣಾ, ಬೈಬೇಡ," ಎಂದ ಕಂಡಕ್ಟರ್. ಹಿಂದೆ ಜನರ ಗದ್ದಲ. "ನಿನ್ನ ಹೆಸರು ಕೂಗಿದ್ರು. ನಾನೇ ವೇದಿಕೆ ಹತ್ತಿದೆ. ಡ್ರೈವರ್ ಎಲ್ಲಿ ಅಂತ ದೊಡ್ಡ ಸಾಹೇಬರು ಕೇಳಿದ್ರು. ಮೈಕ್ ಕೈಗೆ ಬಂತು ನೋಡು, ನಡೆದದ್ದೆಲ್ಲ ಹೇಳ್ಬಿಟ್ಟೆ. ಊರು ನೋಡೋಕೆ ಹೋದ ಕಡೇನೂ ಸ್ಟಿಯರಿಂಗ್ ಹಿಡಿದ, ಜನಾನ ಮುಟ್ಟಿಸಿ ತಾನು ಉಳ್ಕೊಂಡ ಅಂತ. ಸ್ವಲ್ಪ ಉಪ್ಪು ಖಾರ ಹಾಕಿದೆ, ಸುಳ್ಳೇನಿಲ್ಲ."

"ಆಮೇಲೆ?"

"ಸಾಹೇಬರು ಕಣ್ಣೊರೆಸ್ಕೊಂಡ್ರು. 'ಇಂಥಾ ಮನುಷ್ಯನ್ನ ಕುರ್ಚಿಗೆ ಕಟ್ಟಿಹಾಕೋದು ಪಾಪ' ಅಂತ ಆದೇಶ ಪತ್ರದಲ್ಲಿದ್ದ ನಿನ್ನ ಹೆಸರು ಎಲ್ಲರೆದುರಿಗೇ ಹೊಡೆದು ಹಾಕಿದ್ರು. ಹೊಸ ಬೆಟ್ಟದ ರೂಟು ಇದೆಯಲ್ಲ, ನಲವತ್ತೆರಡು ತಿರುವಿಂದು, ಯಾರೂ ಒಪ್ಪದೇ ಇದ್ದದ್ದು? ಅದು ನಿನಗೆ. ಸೋಮವಾರದಿಂದ. ಬೆಳಗಿನ ಜಾವ ನಾಲ್ಕೂವರೆಗೆ."

ಮೆತ್ತಣ್ಣನ ಮೊಣಕಾಲು ತಾನಾಗಿಯೇ ಒಮ್ಮೆ ಕಿರುಗುಟ್ಟಿತು. ಅದನ್ನು ಒತ್ತಿ ಹಿಡಿದು, "ಆಗಲಿ. ಜೊತೆಗೆ ನೀನಿರ್ತೀಯಲ್ಲ," ಎಂದ.

ಕಂಡಕ್ಟರಿನ ದನಿ ತಗ್ಗಿತು. "ಅದೂ... ಕುರ್ಚಿ ಖಾಲಿ ಬಿಡೋ ಹಾಗಿಲ್ಲವಂತೆ ಅಣ್ಣ. ಪತ್ರದಲ್ಲಿ ಬೇರೆ ಹೆಸರು ಬರೀಬೇಕಾಗಿತ್ತು. ಎದುರಿಗೆ ನಿಂತಿದ್ದೋನು ನಾನೊಬ್ಬನೇ."

ಮೆತ್ತಣ್ಣ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದ, ಮತ್ತೆ ಕಿವಿಗಿಟ್ಟ. ಬಾಯಿಗೆ ಬಂದ ಬೈಗುಳ ಹಲ್ಲಿನ ಹಿಂದೆಯೇ ನಿಂತಿತು. ಅದರ ಬದಲು ಬೇರೇನೋ ಹೊರಬಂತು.

"ಚಪ್ಪಾಳೆ ತಟ್ಟಿದ್ರಾ?"

"ತಟ್ಟಿದ್ರಾ ಅಂತೀಯಲ್ಲ! ಸಭೆಗೆ ಸಭೆಯೇ ಎದ್ದು ನಿಂತು ತಟ್ಟಿತು. ನಾನೇ ಹೋಲ್ಡಾನ್ ಅಂತ ಕೂಗಬೇಕಾಯ್ತು."

ಮೆತ್ತಣ್ಣ ಮೆತ್ತನೆಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ. "ಮಾರ್ಕೆಟ್ ಗಲ್ಲಿ ವಿಷಯ ಹೇಳಿದ್ಯಾ?"

"ಹೇಳದೆ ಬಿಡ್ತೀನಾ? ಎರಡೂ ಬದಿಗೆ ನಾಲ್ಕೇ ಬೆರಳು ಜಾಗ ಇತ್ತು ಅಂದೆ."

"ಮೂರು," ಎಂದ ಮೆತ್ತಣ್ಣ. "ಮತ್ತೆ ಯಾರಾದ್ರೂ ಕೇಳಿದ್ರೆ ಸರಿಯಾಗಿ ಹೇಳು. ಮೂರೇ ಬೆರಳು."