ಕಿವಿ ಹಿಂಡುವ ಬದಲು ಕಿವಿಗೊಡುವ ಬಗ್ಗೆ

ಸಂಖ್ಯೆ: ಬೆ.ನಿ.ವಿ/ಬೆಂಚು/ನೂಕುನುಗ್ಗಲು/೭

ಸುತ್ತೋಲೆ

ವಿಷಯ: ಶಾಲೆಯ ಮೆಟ್ಟಿಲ ಕೆಳಗಿನ ಬೆಂಚನ್ನು ಉಳಿಸಬೇಕೇ, ಬೆತ್ತವನ್ನು ಮರಳಿಸಬೇಕೇ ಎಂಬ ಕುರಿತು.

ಉಲ್ಲೇಖ: ೧. ಇದೇ ಕಚೇರಿಯ ಹಿಂದಿನ ಸುತ್ತೋಲೆ (ಯಾರೂ ಓದಿರುವುದಿಲ್ಲ).
೨. ಬೆಂಚು ತೆಗೆಸಿ ಬೆತ್ತ ಕೊಡಿಸಬೇಕೆಂದು ಗಣಿತದ ಮೇಷ್ಟ್ರು ಇಟ್ಟ ಮೊರೆ.

ದಂಡಂ ದಶಗುಣಂ ಎಂಬ ಮಾತನ್ನು ಕಚೇರಿಯು ಕೂಲಂಕಷವಾಗಿ ಪರಿಶೀಲಿಸಲಾಗಿ, ಹತ್ತು ಗುಣಗಳ ಪೈಕಿ ಒಂದೂ ಸ್ಥಳದಲ್ಲಿ ಕಂಡುಬಂದಿರಲಿಲ್ಲ. ಆದ್ದರಿಂದ ತಪ್ಪು ಮಾಡಿದ ಮಗುವನ್ನು ಬೆಂಚಿನಲ್ಲಿ ಕೂರಿಸಿ, ಶಿಕ್ಷಕರೂ ಪಕ್ಕದಲ್ಲಿ ಕೂತು, ಯಾಕೆ ಹೀಗೆ ಮಾಡಿದೆ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಬಾಯಿ ಮುಚ್ಚಿಕೊಂಡಿರತಕ್ಕದ್ದೆಂದು ಆದೇಶಿಸಲಾಗಿತ್ತು. ಈಗ ಮಕ್ಕಳು ಬೆಂಚಿನ ಆಸೆಗೇ ತಪ್ಪು ಮಾಡತೊಡಗಿರುವುದರಿಂದ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

೧. ನಿವೃತ್ತ ಬೆತ್ತಗಳನ್ನು ಜೇಡರ ಬಲೆ ತೆಗೆಯಲು ಮಾತ್ರ ಬಳಸತಕ್ಕದ್ದು. ಬಲೆಯೇ ಇಲ್ಲದ ಮೂಲೆಯಲ್ಲಿ, ಮಕ್ಕಳ ಎದುರು, ಹಲ್ಲು ಕಚ್ಚಿಕೊಂಡು ಬಲೆ ತೆಗೆಯುವುದನ್ನು ನಿಷೇಧಿಸಲಾಗಿದೆ.

೨. ಕೈ ತುರಿಸುವ ಶಿಕ್ಷಕರು ಎರಡೂ ಕೈಯಲ್ಲಿ ಸೀಮೆಸುಣ್ಣ ಹಿಡಿದಿರತಕ್ಕದ್ದು. ಅದನ್ನು ಎಸೆದಲ್ಲಿ ಬೋಧನೆಯೆಂದು ಪರಿಗಣಿಸಲಾಗುವುದಿಲ್ಲ.

೩. ಉತ್ತರ ಕೇಳುವಾಗ ಆಕಳಿಸುವುದು, ಗಡಿಯಾರ ನೋಡುವುದು, ನಮ್ಮ ಕಾಲದಲ್ಲಿ ಎಂದು ಶುರು ಮಾಡುವುದು ಸಲ್ಲದು. ನಮ್ಮ ಕಾಲ ಮುಗಿದಿರುವುದನ್ನು ಈ ಮೂಲಕ ದೃಢೀಕರಿಸಲಾಗಿದೆ.

೪. ಬೆಂಚಿಗಾಗಿ ಇಬ್ಬರು ಮೊದಲೇ ಮಾತಾಡಿಕೊಂಡು ಜಡೆ ಎಳೆದಾಡಿದಲ್ಲಿ ಅದನ್ನು ಸಂಚೆಂದು ಭಾವಿಸಿ, ಸಂಚುಗಾರರನ್ನು ಬೆಂಚಿನಲ್ಲಿ ಕೂರಿಸಿ ಕಾರಣ ಕೇಳಲಾಗುವುದು. ಇದರಿಂದ ಸಾಧಿಸಿದ್ದೇನು ಎಂಬುದು ಪರಿಶೀಲನೆಯಲ್ಲಿದೆ.

೫. ಲೆಕ್ಕ ಮಾಡಿರದ ಹುಡುಗನೊಬ್ಬನು ಅಜ್ಜಿಯ ಹಲ್ಲುನೋವಿನಿಂದ ಹಿಡಿದು ದೊಡ್ಡಪ್ಪ ಚಿಕ್ಕಪ್ಪಂದಿರ ಜಗಳದವರೆಗೆ ಬರುವಷ್ಟರಲ್ಲಿ ಗಂಟೆ ಹೊಡೆದಿದೆ. ಮರುದಿನ, ಯಾವ ತಪ್ಪೂ ಮಾಡದ ಆ ಹುಡುಗನನ್ನು ಗಣಿತದ ಮೇಷ್ಟ್ರು ಆಟದ ನಡುವಿನಿಂದ ಕರೆತಂದು, ಮುಂದೇನಾಯಿತೋ ಎಂದು ವಿಚಾರಿಸಿರುವುದು ವರದಿಯಾಗಿದೆ. ಬೆಂಚು ಬೇಡವೆಂದು ಮೊರೆಯಿಟ್ಟವರೂ ಇವರೇ. ಒಂದು ಬಾಯಲ್ಲಿ ಎರಡು ನಾಲಿಗೆ ಇರುವ ಬಗ್ಗೆ ವಿವರಣೆ ಕೇಳಲಾಗಿದೆ.

೬. ಸದರಿ ಮೇಷ್ಟ್ರ ಪತ್ನಿಯವರು ಈ ಕ್ರಮವನ್ನು ಮನೆಗೂ ವಿಸ್ತರಿಸುವಂತೆ ಕೋರಿರುತ್ತಾರೆ. ಮನೆಯು ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ಮನವಿಯಲ್ಲಿ ಹುರುಳಿದೆ.

೭. ಮೇಷ್ಟ್ರ ಮೊರೆಗೆ ಕಚೇರಿಯು ತಲೆಯಾಡಿಸಿ, ಬೆಂಚು ತೆಗೆಯುವ ಆದೇಶವನ್ನು ಬೆರಳಚ್ಚಿಗೆ ಕೊಟ್ಟಾಗಿತ್ತು. ಅಷ್ಟರಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳು, ಹಾಜರಿ ಕೂಗಿದಾಗ ಬಿಟ್ಟರೆ ಬಾಯಿಯೇ ತೆರೆಯದವಳು, ಮೇಷ್ಟ್ರು ತಿದ್ದಿಟ್ಟಿದ್ದ ಉತ್ತರಪತ್ರಿಕೆಗಳ ಕಟ್ಟನ್ನು ನೀರಿನ ತೊಟ್ಟಿಗೆ ಹಾಕಿರುತ್ತಾಳೆ. ಎಲ್ಲಕ್ಕಿಂತ ಮೇಲೆ ಅವಳದೇ ಪತ್ರಿಕೆ ಇದ್ದು, ಪೂರ್ತಿ ಅಂಕ ಬಂದಿತ್ತು. ಅನಂತರ ತಾನಾಗಿಯೇ ಬೆಂಚಿಗೆ ಹೋಗಿ, ಪಕ್ಕದಲ್ಲಿ ಮೇಷ್ಟ್ರಿಗೆ ಜಾಗ ಬಿಟ್ಟು ಕೂತಿರುತ್ತಾಳೆ. ಮೇಷ್ಟ್ರ ಕೈ ಮೇಲೆದ್ದಿದ್ದು ನಿಜ. ಆದರೂ ನಿಯಮಾನುಸಾರ ಪಕ್ಕದಲ್ಲಿ ಕೂತು ಯಾಕೆಂದು ಕೇಳಲಾಗಿದೆ. ಅವಳ ಹೇಳಿಕೆಯನ್ನು ಯಥಾವತ್ತಾಗಿ ಕೊಡಲಾಗಿದೆ: “ತಪ್ಪು ಮಾಡಿದವರನ್ನ ಮಾತ್ರ ಕೂರಿಸ್ಕೊಂಡು ಕೇಳ್ತೀರಿ ಸರ್. ನಾನು ಇನ್ನೇನು ಮಾಡ್ಲಿ?”

೮. ಆಮೇಲೆ ಅವಳು ಹೇಳಿದ್ದನ್ನು ಕಚೇರಿಗೆ ತಿಳಿಸಲು ಮೇಷ್ಟ್ರು ಒಪ್ಪಿರುವುದಿಲ್ಲ. ಸಂಜೆಯೊಳಗೆ ತಮ್ಮ ಮೊರೆಯನ್ನು ಹಿಂಪಡೆದಿರುತ್ತಾರೆ. ನೋಟಿಸು ಕೊಟ್ಟರೂ ಉತ್ತರವಿಲ್ಲದ ಕಾರಣ, ಅವರನ್ನೂ ಬೆಂಚಿನಲ್ಲಿ ಕೂರಿಸಿ ಮೆಲ್ಲಗೆ ಕೇಳುವಂತೆ ಮುಖ್ಯೋಪಾಧ್ಯಾಯಿನಿಯವರಿಗೆ ಸೂಚಿಸಲಾಗಿದೆ.

೯. ಆದ್ದರಿಂದ ಬೆಂಚು ಇರತಕ್ಕದ್ದು. ಇನ್ನು ಮುಂದೆ ತಪ್ಪು ಮಾಡದ ಮಕ್ಕಳೂ ಕೂರಲು ಅರ್ಹರು. ಇಷ್ಟು ಸಣ್ಣ ವಿಷಯ ಕಚೇರಿಗೆ ಮೊದಲೇ ಹೊಳೆಯದಿದ್ದುದಕ್ಕೆ ವಿಷಾದಿಸಲಾಗಿದೆ.

ಸಹಿ/- (ಓದಲಾಗುತ್ತಿಲ್ಲ)
ಪ್ರಭಾರ ನಿರ್ದೇಶಕರು, ಬೆತ್ತ ನಿವೃತ್ತಿ ವಿಭಾಗ

ಪ್ರತಿಗಳು:
೧. ಎಲ್ಲ ಮುಖ್ಯೋಪಾಧ್ಯಾಯರಿಗೆ — ಓದುವ ಸಲುವಾಗಿ, ಈ ಸಲವಾದರೂ.
೨. ಬಡಗಿಗೆ — ಬೆಂಚನ್ನು ಉದ್ದ ಮಾಡಲು.
೩. ಮೇಷ್ಟ್ರ ಪತ್ನಿಯವರಿಗೆ — ಸಹಾನುಭೂತಿಯೊಂದಿಗೆ.
೪. ಆರನೇ ತರಗತಿಯ ಹುಡುಗಿಗೆ — ಮಾಹಿತಿಗಾಗಿ. ಉತ್ತರಿಸಲೇಬೇಕೆಂದಿಲ್ಲ. ಉತ್ತರಿಸಿದಲ್ಲಿ ಕೇಳಲಾಗುವುದು.