ಶ್ರೀಕಾಂತನ ಮುಕ್ಕಾಲಿ

ಶಿವರಾತ್ರಿ ಕಳೆದು, ಬಿಸಿಲಿಗೆ ಇನ್ನೂ ಹಲ್ಲು ಮೂಡದಿದ್ದ ಒಂದು ಭಾನುವಾರ ಬೆಳಿಗ್ಗೆ ಏಳು ಗಂಟೆಗೆ, ಶಿಕಾರಿಪುರದ ಶ್ರೀಕಾಂತ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಬೆನ್ನಿಗೆ ಕಟ್ಟಿಕೊಂಡು ತನ್ನದೇ ಮನೆಯ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡ.

ಎದುರು ಮನೆಯ ಲೋಕಮ್ಮ ರಂಗೋಲಿ ಬಿಟ್ಟು ಎದ್ದು ನಿಂತಳು.

"ಏನ್ರೀ ಶ್ರೀಕಾಂತಣ್ಣ, ಯಾರ ಮದುವೆಗೆ ಶಾಮಿಯಾನ ಹಾಕಾಕೆ ಹೊಂಟೀರಿ?"

"ಮದುವೆಗಲ್ಲ ಲೋಕಮ್ಮ, ಗುಡ್ಡ ಹತ್ತಾಕೆ."

"ಗುಡ್ಡದ ಮ್ಯಾಲೆ ಕುರ್ಚಿ ಹಾಕಿ ಯಾರಿಗ್ರೀ ಸನ್ಮಾನ?"

ಸಂಗತಿ ಇಷ್ಟೇ. ಊರಿನ ನಡಿಗೆ ತಂಡದವರು ವರ್ಷಕ್ಕೊಮ್ಮೆ ಬೆನ್ನಿಗೆ ಚೀಲ ಹಾಕಿಕೊಂಡು, ಸೊರಬದ ಮೇಲೆ ಹಾಯ್ದು, ಮೂರು ದಿನ ನಡೆದು ಚಂದ್ರಗುತ್ತಿ ಗುಡ್ಡ ಹತ್ತುತ್ತಿದ್ದರು. ಅವರ ಗುಡಾರದಲ್ಲಿ ಐದೇ ಜನಕ್ಕೆ ಜಾಗ. ಹನ್ನೊಂದು ವರ್ಷದಿಂದ ಶ್ರೀಕಾಂತ ಆರನೆಯವನು. ಕೆರೆ ಏರಿಯ ತನಕ ಹೋಗಿ ಕೈ ಬೀಸಿ ಬರುವುದು ಅವನ ಪಾಲಿನ ಯಾತ್ರೆ.

ಈ ವರ್ಷ ತಂಡದ ಹಿರಿಯರಾದ ಪಂಚಾಕ್ಷರಪ್ಪ ಮೇಷ್ಟ್ರು ತಾವಾಗಿಯೇ ಹಿಂದೆ ಸರಿದಿದ್ದರು. "ನಡೆಯಾಕೆ ಕಾಲು ಗಟ್ಟಿ ಅದಾವಪ್ಪ. ನೆಲದ ಮ್ಯಾಲೆ ಕೂತ್ರೆ ಮಾತ್ರ ಏಳಾಕಾಗಲ್ಲ. ನನ್ನ ಜಾಗ ನೀನು ತಗ."

ಆದರೆ ಬೈಕಿನಿಂದ ಬಿದ್ದ ಮೇಲೆ ಶ್ರೀಕಾಂತನ ಬಲ ಮೊಣಕಾಲೂ ಸರಿಯಾಗಿ ಮಡಚುತ್ತಿರಲಿಲ್ಲ. ಅದು ಗೊತ್ತಿದ್ದೇ ಮೇಷ್ಟ್ರು ಪರೀಕ್ಷೆ ಇಟ್ಟರು. ಭಾನುವಾರ ಸಂಜೆ ಚೀಲ ಹೊತ್ತು ಅಂಜನಾಪುರದ ಡ್ಯಾಮಿನ ತನಕ ನಡೆಯಬೇಕು; ಅಲ್ಲಿ ಕೂತು, ತಿಂದು, ಯಾರ ಕೈಯನ್ನೂ ಹಿಡಿಯದೆ ಏಳಬೇಕು. ಚೀಲ ಎಂಟು ಕಿಲೋ ದಾಟುವ ಹಾಗಿಲ್ಲ.

ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಚೀಲವೊಂದೇ ಏಳು ಕಿಲೋ ಬಂತು. ಕುರ್ಚಿ ಅಲ್ಲಿಂದಲೇ ಮನೆಗೆ ವಾಪಸಾಯಿತು. ಪೇಟೆಯ ಮಡಚುವ ಸ್ಟೂಲು ತೂಗಿದರೆ ಮೂರು ಕಿಲೋ. ಅದನ್ನು ಒಯ್ಯಬೇಕೆಂದರೆ ಹೊದಿಕೆಯನ್ನೂ ಅವಲಕ್ಕಿಯನ್ನೂ ಮನೆಯಲ್ಲೇ ಬಿಡಬೇಕು. ಹಸಿದು, ನಡುಗುತ್ತ, ಸ್ಟೂಲಿನ ಮೇಲೆ ಕೂರುವುದು ಯಾವ ಸುಖ?

ತಂಡದ ಉಜ್ಜಪ್ಪ ತನ್ನ ಊಟದ ಮಣೆ ತಂದುಕೊಟ್ಟ. ಶ್ರೀಕಾಂತ ಕೂತ. ಬಲಗಾಲು ಬಾಗಿಲಿಗೆ ಅಡ್ಡ ಇಟ್ಟ ಒನಕೆಯಂತೆ ನೆಟ್ಟಗೆ ಚಾಚಿಕೊಂಡಿತು. ಏಳಿಸಲು ಮೂರು ಜನ ಬೇಕಾದರು. ಮೂರನೆಯವಳು ಲೋಕಮ್ಮ.

"ಬಕೆಟ್ ಬೋರಲು ಹಾಕಿ ಕೂತ್ಕಳ್ರಿ," ಅಂದಳು ಅವಳು. "ಹಗುರ ಐತೆ, ಎದ್ದ ಮ್ಯಾಲೆ ನೀರೂ ತರಬೌದು."

"ಬೆಳಿಗ್ಗೆ ಬೆಳಿಗ್ಗೆ ಬಕೆಟ್ ಹಿಡಕಂಡು ಗುಡ್ಡದ ಕಡೆ ಹೊಂಟ್ರೆ ಸೊರಬದ ಜನ ಏನಂತ ತಿಳಕಂತಾರೆ?" ಎಂದ ಶ್ರೀಕಾಂತ.

ಮಧ್ಯಾಹ್ನದ ಹೊತ್ತಿಗೆ ಅವನು ಕುಂಟುತ್ತ ನಜೀರ್ ಸಾಬರ ಅಂಗಡಿ ಮುಟ್ಟಿದ. ಛತ್ರಿ ರಿಪೇರಿ, ಮಂಚಕ್ಕೆ ನವಾರು ಹೆಣೆಯುವುದು ಅವರ ಕಸುಬು. ಕತೆಯೆಲ್ಲ ಕೇಳಿ ಸಾಬರು ಗಡ್ಡ ಕೆರೆದುಕೊಂಡರು.

"ನಾಲ್ಕು ಕಾಲು ಯಾಕೆ ಬೇಕ್ರಿ ನಿಮಗೆ? ಒಲೆಗೆ ಮೂರೇ ಗುಂಡು. ಯಾವತ್ತಾದ್ರೂ ಹಂಡೆ ಬಿದ್ದೈತಾ?"

ಮೂರು ಬಿದಿರು ಕೋಲು ಬಂದವು. ನಡುವೆ ತೂತು ಕೊರೆದು ಒಂದೇ ಬೋಲ್ಟಿನಲ್ಲಿ ಬಿಗಿದರು. ಬಿಡಿಸಿದರೆ ಮೂರು ಕಾಲು, ಮಡಚಿದರೆ ಒಂದು ಕಟ್ಟು. ಒಳಗಿನಿಂದ ಸಾಬರ ಹೆಂಡತಿ ಖುರ್ಷೀದ್ ಬೀ ಲಾರಿಯ ಹಳೇ ತಾಡಪಾಲನ್ನು ಮೂರು ಮೂಲೆಗೆ ಕತ್ತರಿಸಿ, ಅಂಚಿಗೆ ನವಾರು ಕೊಟ್ಟು ಹೊಲಿದು ತಂದು, ಮೂಲೆಗಳನ್ನು ಕೋಲುಗಳ ತುದಿಗೆ ಸಿಕ್ಕಿಸಿದರು.

"ಒಂದು ಮೂಲೆ ಮುಂದೆ ಬರಬೇಕು ಭಯ್ಯಾ, ನಿಮ್ಮ ಎರಡು ಕಾಲಿನ ನಡುವೆ. ಹಿಂದುಮುಂದು ಮಾಡಿ ಕೂತ್ರೆ ನೆಲಾನೇ ಗತಿ."

ಶ್ರೀಕಾಂತ ಹಿಂದುಮುಂದು ಮಾಡಿಯೇ ಕೂತ. ಹಲಸಿನ ಹಣ್ಣು ಉರುಳಿದಂತೆ ಉರುಳಿದ. ಖುರ್ಷೀದ್ ಬೀ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದರು. ಎರಡನೆಯ ಸಲ ಸರಿಯಾಗಿ ಕೂತ. ಎದ್ದ. ಮತ್ತೆ ಕೂತ. ತೂಕ ಮುಕ್ಕಾಲು ಕಿಲೋ!

ಸಂಜೆ ಅಂಜನಾಪುರದ ಏರಿಯ ಮೇಲೆ ತಂಡದ ನಾಲ್ವರು ನೆಲಕ್ಕೆ ಕುಕ್ಕರಿಸಿದರು. ಶ್ರೀಕಾಂತ ಚೀಲದ ಬದಿಯಿಂದ ಕಟ್ಟು ಎಳೆದು ಟಪ್ಪೆಂದು ಬಿಡಿಸಿ, ಪಟ್ಟಕ್ಕೆ ಬಂದ ಅರಸನಂತೆ ಕೂತ. ಮಂಡಕ್ಕಿ ತಿಂದ. ಮಿರ್ಚಿ ತಿಂದ. ಎರಡೂ ಕೈ ಮೇಲೆತ್ತಿ ತೋರಿಸುತ್ತ ಎದ್ದು ನಿಂತ. ಉಜ್ಜಪ್ಪ ಸಿಳ್ಳೆ ಹೊಡೆದ. ನೀರಿಗೆ ಗಾಳ ಹಾಕಿದ್ದವರೂ ತಿರುಗಿ ಚಪ್ಪಾಳೆ ತಟ್ಟಿದರು.

"ಪಾಸು!" ಎಂದರು ಮೇಷ್ಟ್ರು. "ಶ್ರೀಕಾಂತನೇ ಐದನೆಯವನು."

ಹನ್ನೊಂದು ವರ್ಷದ ಆಸೆ ಶ್ರೀಕಾಂತನ ಕಣ್ಣಲ್ಲಿ ತುಳುಕಿತು. ಆಗ ಅವನಿಗೆ ಕಂಡದ್ದು, ಮೇಷ್ಟ್ರು ಅಷ್ಟು ಹೊತ್ತೂ ನಿಂತೇ ಇದ್ದಾರೆಂಬುದು.

ಹಿರಿಯರು ನಿಂತಿರುವಾಗ ಕಿರಿಯನು ಎದ್ದು "ಕೂತ್ಕಳ್ರಿ" ಅನ್ನಬೇಕು. ಹಿರಿಯರು "ಇರಲಿ, ನೀನೇ ಕೂತ್ಕ" ಅನ್ನಬೇಕು. ಇದು ನಮ್ಮ ಕಡೆಯ ರೀತಿ. ಅದು ಬರೀ ಬಾಯಿಮಾತೆಂದು ಅನ್ನುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಹೀಗೆ ಎರಡು ಸಲ ಆದರೆ ಮರ್ಯಾದೆ ಸಂದಂತೆ.

"ಕೂತ್ಕಳ್ರಿ ಮೇಷ್ಟ್ರೆ."

"ಇರಲಿ, ನೀನೇ ಕೂತ್ಕ."

"ಅಯ್ಯೋ, ಕೂತ್ಕಳ್ರಿ."

"ಇರ್ಲಪ್ಪ."

ಇಲ್ಲಿಗೆ ಬಿಟ್ಟಿದ್ದರೆ ಸಾಕಿತ್ತು. ಗೆದ್ದವನ ಉಬ್ಬು ಸುಮ್ಮನಿರಲು ಬಿಡಲಿಲ್ಲ. ಶ್ರೀಕಾಂತ ಮೇಷ್ಟ್ರ ಕೈ ಹಿಡಿದ. "ನೀವು ಕೂತ್ರೇನೇ ನನಗೆ ಪಾಸಾದಂಗೆ!"

ಮೇಷ್ಟ್ರು ಕೂತರು. ಮೂಲೆ ಸರಿಯಾಗಿ ಮುಂದೆಯೇ ಇತ್ತು. ನೀರು ನೋಡಿದರು, ಮಂಡಕ್ಕಿ ಮುಕ್ಕಿದರು, ಆಮೇಲೆ ಯಾರ ಕೈಯನ್ನೂ ಹಿಡಿಯದೆ ಎದ್ದು ನಿಂತರು. ನಂಬಿಕೆಯಾಗದೆ ಮತ್ತೆ ಕೂತು ಎದ್ದರು.

"ಉಜ್ಜಪ್ಪಾ, ಎದ್ನಲ್ಲೋ! ನಾನೂ ಬರಬೌದಲ್ಲೋ!"

ಏರಿಯೇ ಅದುರುವ ಹಾಗೆ ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಶ್ರೀಕಾಂತ. ನಾಲ್ಕನೆಯ ಚಪ್ಪಾಳೆಗೆ ಅವನ ಕೈ ಗಾಳಿಯಲ್ಲೇ ನಿಂತಿತು.

"ಏನೂ ಅನ್ಕಬ್ಯಾಡಪ್ಪ," ಎಂದರು ಮೇಷ್ಟ್ರು, ಮುಕ್ಕಾಲಿಯನ್ನು ಮಡಚಿ ಕಂಕುಳಿಗೆ ಸೇರಿಸುತ್ತ.

"ಛೆ ಛೆ, ನಿಮ್ಮ ಜಾಗ ನಿಮ್ದೇ ಅಲ್ಲೇನ್ರಿ," ಎಂದ ಶ್ರೀಕಾಂತ. ಇದನ್ನೂ ಮರ್ಯಾದೆಗೇ ಅಂದದ್ದು. ಇದನ್ನೂ ಮೇಷ್ಟ್ರು ಒಪ್ಪಿಕೊಂಡರು.

"ಸನ್ಮಾನ ಯಾರಿಗೆ ಅಂತ ಈಗ ಗೊತ್ತಾತು ಬಿಡ್ರಿ," ಎಂದಳು ಲೋಕಮ್ಮ, ರಾತ್ರಿ ಊಟಕ್ಕೆ ಸಾರು ತಂದುಕೊಟ್ಟು.

ಶುಕ್ರವಾರ ಬೆಳಿಗ್ಗೆ ಐದು ಜನ ಹೊರಟರು. ಮೇಷ್ಟ್ರ ಬೆನ್ನಿನ ಮೇಲೆ ಮುಕ್ಕಾಲಿ ಬಾವುಟದ ಕೋಲಿನಂತೆ ಎದ್ದು ಕಾಣುತ್ತಿತ್ತು. "ಶ್ರೀಕಾಂತನ ಮುಕ್ಕಾಲಿಗೆ ಜೈ!" ಎಂದು ಉಜ್ಜಪ್ಪ ಕೂಗಿದ, ಉಳಿದವರೂ ಕೂಗಿದರು. ಕೆರೆ ಏರಿಯ ಮೇಲೆ ನಿಂತು ಶ್ರೀಕಾಂತ ಅವರು ಮರೆಯಾಗುವ ತನಕ ಕೈ ಬೀಸಿದ. ಕೂತು ಬೀಸೋಣವೆಂದರೆ ಅವನ ಹತ್ತಿರ ಕೂರಲು ಏನೂ ಇರಲಿಲ್ಲ.