ಬನ್ನಿನ ಪುಡಿಯಲ್ಲಿ ಹಾಲಿಲ್ಲವೆಂಬ ತೀರ್ಮಾನ

ಬನ್ನಿನ ಪುಡಿಯಲ್ಲಿ ಹಾಲಿದೆಯೋ ಇಲ್ಲವೋ ಎಂದು ಹೇಳುವ ಅಧಿಕಾರ ಸರಗೂರಿನ ಪೊಟ್ಟಣ ತಪಾಸಣಾ ಕಚೇರಿಗೆ ಮಾತ್ರ ಇತ್ತು. ಯುದ್ಧದ ಕಾಲ; ಬನ್ನಿನ ಬದಲು ಕಲಸಿ ಸುಟ್ಟುಕೊಳ್ಳುವ ಪುಡಿ ಪೊಟ್ಟಣದಲ್ಲಿ ಬರುತ್ತಿತ್ತು. ಪೊಟ್ಟಣದ ಮೇಲೆ ನಗುವ ದೊರೆಸಾನಿಯ ಚಿತ್ರವಿತ್ತು. ಒಳಗೇನಿದೆಯೆಂದು ಅವಳೂ ಹೇಳುತ್ತಿರಲಿಲ್ಲ.

ಮುದ್ದಯ್ಯನಿಗೆ ಅದು ತಿಳಿಯಲೇಬೇಕಿತ್ತು. ಹೆಂಡತಿ ರಾಚಮ್ಮ ಕಾಯಿಲೆಯಲ್ಲಿ ಮಲಗಿದ್ದಾಗ ಬನ್ನು ಕೇಳಿದ್ದಳು. ತರುವುದರೊಳಗೆ ಹೋಗಿಬಿಟ್ಟಳು. ಹಸು ಕರೆಯುತ್ತಿದ್ದವಳು ಅವಳೇ. ವರ್ಷದ ಎಡೆ ಮುಗಿಯುವ ತನಕ ಹಾಲು ಬಾಯಿಗೆ ಹಾಕುವುದಿಲ್ಲ ಅಂತ ಇವನು ಹರಕೆ ಹೊತ್ತ. ಈಗ ವರ್ಷ ತುಂಬುತ್ತಿತ್ತು. ಎಡೆಗೆ ಬನ್ನೇ ಇಡಬೇಕು. ಇಟ್ಟವನು ತಿನ್ನದಿದ್ದರೆ ಅವಳಿಗೆ ಮುಟ್ಟಿದಂತಲ್ಲ.

ಗುಮಾಸ್ತ ನೀಲಕಂಠಸ್ವಾಮಿ ಪೊಟ್ಟಣ ತಿರುವಿ ನೋಡಿದರು.

"ಯಾರಯ್ಯ ತಿನ್ನೋದು?"

"ಮೊದ್ಲು ನಮ್ಮನೆಯವ್ಳು, ಆಮೇಕೆ ನಾನು ಬುದ್ಧಿ."

"ತಿನ್ನುವವರು ಖುದ್ದು ಹಾಜರಾಗಬೇಕು."

"ತೀರ್ಕಂಡವ್ಳೆ."

"ಸರಿ. ಗೈರುಹಾಜರಿ ಮನ್ನಿಸಲಾಗಿದೆ."

ಕಚೇರಿಯಲ್ಲಿ ಹಾಲು ಪರೀಕ್ಷಿಸುವ ಗಾಜಿನ ಕೊಳವೆಯಿತ್ತು. ಪುಡಿಯಲ್ಲಿ ಅದು ಮುಳುಗದು. ನೀರಿನಲ್ಲಿ ಕಲಸೋಣವೆಂದರೆ, ಹಾಲಿನಲ್ಲಲ್ಲದೆ ಬೇರೆಲ್ಲೂ ಕೊಳವೆ ಅದ್ದಕೂಡದೆಂದು ನಿಯಮ. ಆದಕಾರಣ ಪುಡಿಯನ್ನು ಹಾಲಿನಲ್ಲೇ ಕಲಸತಕ್ಕದ್ದು. ಹಾಲನ್ನು ಅರ್ಜಿದಾರನೇ ತರತಕ್ಕದ್ದು.

ಮುದ್ದಯ್ಯ ದಿನಾ ಚೊಂಬು ತುಂಬ ತಂದ. ಪರೀಕ್ಷೆ ದಿನಾ ನಾಳೆಗೆ ಹೋಯಿತು. ಕಚೇರಿಯ ಕಾಫಿ ಬೆಳ್ಳಗಾಯಿತು. ಜವಾನ ದಾಸಯ್ಯನ ಕೆನ್ನೆ ತುಂಬಿಕೊಂಡಿತು.

"ನಾಳಿಕೆ ಎಡೆ ಬುದ್ಧಿ," ಅಂದ ಮುದ್ದಯ್ಯ ಒಂದು ದಿನ.

ಅಂದೇ ಪುಡಿಯನ್ನು ಹಾಲಿನಲ್ಲಿ ಕಲಸಿ ಸಡಿಲ ಮುದ್ದೆ ಮಾಡಿದರು. ಕೊಳವೆ ಅದ್ದಿದರು.

"ಹಾಲಿದೆಯಲ್ಲಯ್ಯ," ಅಂದರು ನೀಲಕಂಠಸ್ವಾಮಿ.

"ನಾನೇ ತಂದದ್ದಲ್ವರಾ?"

"ಯಾರು ತಂದದ್ದು ಅಂತ ಕೊಳವೆ ಹೇಳೋದಿಲ್ಲ."

"ಅಂಗಾರೆ ಬ್ಯಾರೆ ಪೊಟ್ಣ ತಕ್ಕಂಡು ಮನೇಲೇ ನೀರಲ್ಲಿ ಕಲಸ್ಕತೀನಿ."

"ಪರೀಕ್ಷೆಯಾಗದ್ದನ್ನು ತಿಂದರೆ ದಂಡ."

ಮುದ್ದಯ್ಯ ಬಾಗಿಲಲ್ಲೇ ಕೂತ. "ಅವ್ಳಿಗೆ ಏನಂತ ಯೋಳ್ಲಿ," ಅಂದ. ಅಲ್ಲಿಂದ ಏಳಲಿಲ್ಲ.

ದಾಸಯ್ಯ ಗುಮಾಸ್ತರ ಕಿವಿಗೆ ಬಾಗಿದ. "ನಾವೇ ಹಾಲು ಬೆರೆಸಿ ಕೆಡಿಸ್ತೀವಿ ಅಂತ ಊರಿಗೆ ಗೊತ್ತಾದ್ರೆ, ನಾಳೆಯಿಂದ ಯಾರೂ ಚೊಂಬು ತರಾಕಿಲ್ಲ ಬುದ್ಧಿ."

ಸಂಜೆಗೆ ಊರಲ್ಲೆಲ್ಲ ಸಾರಿಸಿ ಆಜ್ಞೆ ಹೊರಡಿಸಿದರು: "ತಪಾಸಣೆಗಾಗಿ ತಂದ ಹಾಲು ಹಾಲಲ್ಲ, ಅದನ್ನು ಪರೀಕ್ಷಾ ದ್ರವವೆಂದು ತಿಳಿಯತಕ್ಕದ್ದು. ಸದರಿ ಮುದ್ದೆಯಲ್ಲಿ ಹಾಲಿಲ್ಲ."

ಮಾರನೆ ದಿನ ಮುದ್ದಯ್ಯ ಆ ಮುದ್ದೆಯನ್ನೇ ಮಡಕೆಯೊಳಗಿಟ್ಟು, ಮೇಲೂ ಕೆಳಗೂ ಕೆಂಡ ಹಾಕಿ ಸುಟ್ಟ. ಎಡೆಯ ಪಕ್ಕದಲ್ಲಿ ಆಜ್ಞೆಯನ್ನೂ ಇಟ್ಟ. ರಾಚಮ್ಮನಿಗೆ ಓದು ಬಾರದು. ಅದಕ್ಕೆ ಬಾಯಲ್ಲೂ ಹೇಳಿದ.

"ಹಾಲಿಲ್ಲ ಕಣಮ್ಮಿ. ಕಚೇರಿಯೋರು ಯೋಳವ್ರೆ."

ಬನ್ನು ಮುರಿದು ಬಾಯಿಗಿಟ್ಟ. ಅವಳ ಹಸುವಿನ ಹಾಲಿನ ರುಚಿಯೇ ಇತ್ತು. ಆಜ್ಞೆಯ ಕಡೆ ಒಮ್ಮೆ ನೋಡಿ, ನಿಧಾನಕ್ಕೆ ಅಷ್ಟನ್ನೂ ತಿಂದ.

ಮರುದಿನ ಬೆಳಿಗ್ಗೆ ಹಸು ಕರೆಯುತ್ತಿದ್ದಾಗ ಪಕ್ಕದ ಮನೆ ತಿಮ್ಮಮ್ಮ ಕುಡಿಕೆ ಹಿಡಿದು ಬಂದಳು.

"ಮುದ್ದಣ್ಣ, ಒಸಿ ದ್ರವ ಹುಯ್ಯಿ. ಮಗ ಅಳ್ತಾ ಅದೆ."

ಮುದ್ದಯ್ಯ ಹುಯ್ದ.